ಕಾರಣದ ಜಾಗದಲ್ಲೊಂದು ಚುಕ್ಕೆ

ನೆಗಡಿಗೂ ಆ್ಯಂಟಿಬಯೋಟಿಕ್ ಬೇಕೆಂದು ವೈದ್ಯರ ಪ್ರಾಣ ಹಿಂಡಿದವರಲ್ಲಿ ನೀವೂ ಒಬ್ಬರಲ್ಲವೇ?

ಆಸ್ಪತ್ರೆಯೊಂದರ ಕಂಪ್ಯೂಟರಿಗೆ ಒಂದು ಶಿಸ್ತು ಕಲಿಸಿದ್ದರು. ಕಾರಣ ಬರೆಯದ ಹೊರತು ಅದು ಆ್ಯಂಟಿಬಯೋಟಿಕ್ ಚೀಟಿಯನ್ನು ಮುಂದಕ್ಕೆ ಬಿಡುತ್ತಿರಲಿಲ್ಲ. ವೈದ್ಯರೆಲ್ಲ ಆ ಜಾಗದಲ್ಲಿ ಒಂದು ಚುಕ್ಕೆಯಿಟ್ಟು ಪಾರಾಗುತ್ತಿದ್ದರು. ಹೊಸದಾಗಿ ಸೇರಿದ್ದ ಡಾಕ್ಟರ್ ಮಂದಾಕಿನಿಗೆ ಮಾತ್ರ ಅದು ಅಸಹ್ಯವೆನಿಸುತ್ತಿತ್ತು. ಕಾರ್ಪೊರೇಟರ ಮಗನ ನೆಗಡಿಗೆ ಆ ಔಷಧಿ ಕೊಡಲೇಬೇಕೆಂದು ಮುಖ್ಯ ವೈದ್ಯರು ಪಟ್ಟು ಹಿಡಿದಾಗ ಆಕೆ ಕಾರಣದ ಜಾಗದಲ್ಲಿ ಬರೆದಳು: "ಅಗತ್ಯವಿಲ್ಲ. ಮುಖ್ಯ ವೈದ್ಯರ ಒತ್ತಾಯ."

"ಏನಮ್ಮಾ ಇದು? ನನ್ನ ಮಾನ ಹರಾಜು ಹಾಕ್ತಿದ್ದೀಯಾ?" ಮುಖ್ಯ ವೈದ್ಯರು ಕೆರಳಿದರು.

"ಕಂಪ್ಯೂಟರ್ ಕಾರಣ ಕೇಳಿತು ಸರ್. ಇದ್ದದ್ದನ್ನೇ ಬರೆದೆ."

"ಅದು ಕೇಳುತ್ತೆ ಕಣಮ್ಮಾ, ಓದುತ್ತಾ? ಎಲ್ಲರ ಹಾಗೆ ಒಂದು ಚುಕ್ಕೆ ಇಡೋಕೆ ನಿನಗೇನು ರೋಗ?"

ಮರುದಿನ ಅದೇ ಕಂಪ್ಯೂಟರಿನಲ್ಲಿ ಆಕೆಗೆ ನೋಟಿಸು ಬಂತು: ತಮ್ಮನ್ನು ಕೆಲಸದಿಂದ ಏಕೆ ವಜಾ ಮಾಡಬಾರದೆಂಬುದಕ್ಕೆ ಸಂಜೆಯೊಳಗೆ ಕಾರಣ ನೀಡತಕ್ಕದ್ದು.

ಮಂದಾಕಿನಿ ವೈದ್ಯಧರ್ಮ, ರೋಗಿಯ ಹಿತ, ಮುಂದೊಂದು ದಿನ ಯಾವ ಔಷಧಿಗೂ ಬಗ್ಗದೆ ಹೋಗುವ ರೋಗಾಣುಗಳು ಎಂದೆಲ್ಲ ಪುಟಗಟ್ಟಲೆ ಬರೆದಳು. ಕಳುಹಿಸುವ ಮುನ್ನ ಮುಖ್ಯ ವೈದ್ಯರ ಮಾತು ನೆನಪಾಯಿತು. ಬರೆದದ್ದನ್ನೆಲ್ಲ ಅಳಿಸಿ ಒಂದು ಚುಕ್ಕೆಯಿಟ್ಟಳು.

"ಸಮರ್ಪಕ ಕಾರಣ ದಾಖಲಾಗಿದೆ. ಪ್ರಕರಣ ಮುಕ್ತಾಯವಾಗಿದೆ" ಎಂದು ಪರದೆಯ ಮೇಲೆ ಮೂಡಿತು.

ಓದುಗರೇ, ಇನ್ನು ಮುಂದೆ ಆ್ಯಂಟಿಬಯೋಟಿಕ್ ಚೀಟಿ ಕೈಗೆ ಬಂದಾಗ ದಯವಿಟ್ಟು ನೀವೇ ಕಾರಣ ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಂಡೇ ಏಳಿ.