ನೆಲುವಿಗೇರಿಸಿದ ಕೊಡ

ಕಲಬುರ್ಗಿಯ ನಿಜಾಮ ಸರ್ಕಾರದ ದವಾಖಾನೆಯಲ್ಲಿ, ಕಾಲರಾದಿಂದ ಬಾಡಿಹೋಗಿದ್ದ ಮಗಳು ಚಂದಮ್ಮನ ತೋಳಿಗೆ ಸೀಸೆಯಿಂದ ಸೂಜಿಯ ಮೂಲಕ ಇಳಿಯುತ್ತಿದ್ದ ಮದ್ದನ್ನು ಭಾಗಮ್ಮ ಎವೆಯಿಕ್ಕದೆ ನೋಡಿದಳು. "ಇದ್ಯಾವ ಸಂಜೀವಿನಿರೀ, ಸಾಹೇಬ್ರ?"

"ಸಂಜೀವಿನಿ ಎಲ್ಲೀದವ್ವ? ಬರೇ ಉಪ್ಪುನೀರು," ಡಾಕ್ಟರು ನಕ್ಕರು. "ರಕ್ತದಾಗ ಬಹಳಷ್ಟು ನೀರೇ ಇರ್ತದ. ಅದು ಸೋರಿಹೋದ್ರ ರಕ್ತ ಗಟ್ಟಿಯಾಗಿ ಹರಿಯೋದೇ ನಿಲ್ತದ."

ಅರ್ಧ ಸೀಸೆ ಇಳಿಯುವಷ್ಟರಲ್ಲಿ ಚಂದಮ್ಮ ಕಣ್ಣು ಬಿಟ್ಟಳು. "ಯವ್ವಾ, ನೀರು..."

"ಕುಡಸವ್ವ, ಬೇಕಾದಷ್ಟು ಕುಡಸು."

ಭಾಗಮ್ಮ ತಂಬಿಗೆಯನ್ನು ಮಗಳ ತುಟಿಗೆ ಹಿಡಿದಳು. ಮೊನ್ನೆ ಕಮಲಾಪುರದಲ್ಲಿ ಗಂಡ ದೌಲಪ್ಪ ಇದೇ ಬ್ಯಾನಿಯಲ್ಲಿ ಮಲಗಿದಾಗ, ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂಬ ಹಿರಿಯರ ಮಾತು ನಂಬಿ, ಕೊಡವನ್ನು ಅವಳೇ ಅವನ ತಲೆಯ ಮೇಲೆ ಸೂರಿಗೆ ತೂಗಿದ್ದ ನೆಲುವಿಗೇರಿಸಿದ್ದಳು. ಬೇಡಿ ಬೇಡಿ ದನಿ ಅಡಗಿದ ಮೇಲೆ, ಪ್ರಾಣ ಹೋಗುವ ಮುನ್ನ ಅವನು ಮೇಲಕ್ಕೆ ಬೆರಳು ಮಾಡಿದ್ದ. ಗಂಡನಿಗೆ ಶಿವ ಕಂಡನೆಂದು ಅವಳು ಕೈಮುಗಿದಿದ್ದಳು.