ಇಪ್ಪತ್ತೊಂಬತ್ತನೇ ತಾರೀಖು ಇಲ್ಲದ ಕ್ಯಾಲೆಂಡರ್

ಯಂತ್ರಗಳು ತಪ್ಪೇ ಇಲ್ಲದ ಕೋಡ್ ಬರೆಯತೊಡಗಿದ ಮೇಲೆ, ಕೆಲಸ ಕೇಳಿಕೊಂಡು ಬಂದವರ ತಪ್ಪುಗಳನ್ನೇ ನಾವು ಹುಡುಕುವುದು. ಮನುಷ್ಯ ಬರೆದದ್ದು ಅನ್ನುವುದಕ್ಕೆ ಬೇರೆ ಸಾಕ್ಷಿ ಎಲ್ಲಿದೆ? ಎಲ್ಲರ ಹಳೆಯ ಕೋಡೂ ಅಂತರ್ಜಾಲದ ಸಾರ್ವಜನಿಕ ಕಪಾಟಿನಲ್ಲಿ ತೆರೆದೇ ಇರುತ್ತದೆ.

ಎದುರು ಕೂತಿದ್ದ ಲೋಹಿತಾಶ್ವನ ಕಪಾಟು ನೋಡಿದೆ. ಕಾಲೇಜು ದಿನಗಳಲ್ಲಿ ಬರೆದ ಕ್ಯಾಲೆಂಡರಿನಲ್ಲಿ ಅಧಿಕ ವರ್ಷಕ್ಕೂ ಫೆಬ್ರವರಿ ಇಪ್ಪತ್ತೊಂಬತ್ತೇ ಇರಲಿಲ್ಲ. ಪಕ್ಕದಲ್ಲಿ ಒಂದು ಸಾಲು: "ಅಮ್ಮ ಊಟಕ್ಕೆ ಕರೀತಿದಾಳೆ, ಆಮೇಲೆ ಸರಿ ಮಾಡ್ತೀನಿ."

ನನಗೆ ಅನುಮಾನ ಬಂತು.

"ಅವತ್ತು ಊಟಕ್ಕೆ ಏನಿತ್ತು?"

"ನುಚ್ಚಿನುಂಡೆ, ಮೇಡಂ. ಜೊತೆಗೆ ಮಜ್ಜಿಗೆ ಹುಳಿ."

ಒಂದಿಷ್ಟೂ ತಡವರಿಸಲಿಲ್ಲ. ಪಕ್ಕದಲ್ಲಿದ್ದ ನಮ್ಮ ಮ್ಯಾನೇಜರ್ ಗಂಗರಾಜು, "ಅಪ್ಪಟ ಮನುಷ್ಯನ ತಪ್ಪು ಕಣ್ರೀ!" ಎಂದು ಖುಷಿಪಟ್ಟು, ಫೋನ್ ಬಂತೆಂದು ಹೊರಗೆ ಹೋದರು.

ಹನ್ನೊಂದು ವರ್ಷದ ಹಿಂದೆ ಅದೇ ಕುರ್ಚಿಯಲ್ಲಿ ಕೂತು ನಾನೂ ನುಚ್ಚಿನುಂಡೆ, ಮಜ್ಜಿಗೆ ಹುಳಿ ಎಂದಿದ್ದೆ. ಇದೇ ತಪ್ಪನ್ನು ನನ್ನ ಕಪಾಟಿಗೂ ಮಾರಿದವನು ಊಟವನ್ನೂ ಬಾಯಿಪಾಠ ಮಾಡಿಸಿದ್ದ.

ಈ ಕಳ್ಳನನ್ನು ಬಿಡಬಾರದೆಂದು, ಅವನ ಹೆಸರು ಹೊಡೆದುಹಾಕಲು ಪೆನ್ನು ಎತ್ತಿದೆ.

"ನಿಮ್ಮ ಕಪಾಟೂ ನೋಡ್ಕೊಂಡೇ ಬಂದಿದೀನಿ, ಮೇಡಂ," ಎಂದ ಲೋಹಿತಾಶ್ವ, ಮೆಲ್ಲಗೆ.