ಭಾನುವಾರದ ಬಟರ್‌ಸ್ಕಾಚ್

ಡಬ್ಬಿಯಲ್ಲಿದ್ದ ಬಟರ್‌ಸ್ಕಾಚ್ ಐಸ್ ಕ್ರೀಮನ್ನು ಜಲಜಾ ಚಮಚದಿಂದ ಕೆತ್ತಿ ಕೆತ್ತಿ ಸಿಂಕಿಗೆ ಹಾಕಿದಳು. ನಲ್ಲಿ ಬಿಟ್ಟಳು. ಹಳದಿ ನೊರೆ ಸುತ್ತಿ ಸುತ್ತಿ ಇಳಿದುಹೋಯಿತು. ಅಮ್ಮ ಬಚ್ಚಲಲ್ಲಿದ್ದಳು. ತಮ್ಮ ಗೋಪೀನಾಥನೂ ಅವನ ಹೆಂಡತಿ ರಾಗಿಣಿಯೂ ಯಾವುದೋ ಆರತಕ್ಷತೆಗೆ ಉಡುಗೊರೆ ತರಲೆಂದು ಮಾರೇನಹಳ್ಳಿಗೆ ಹೋಗಿದ್ದರು. ಹತ್ತು ನಿಮಿಷ ಸಾಕಿತ್ತು.

ಮೂಡಲಪಾಳ್ಯದ ತನ್ನ ಮನೆಯಿಂದ ಬಸವೇಶ್ವರನಗರದ ತಮ್ಮನ ಮನೆಯವರೆಗೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಆಟೋದಲ್ಲಿ ತಂದದ್ದನ್ನು ಅದೇ ಡಬ್ಬಿಗೆ ತುಂಬಿ, ಮೇಲೆ ಸವರಿ, ಫ್ರೀಜರಿನಲ್ಲಿಟ್ಟಳು. ಇದೂ ಬಟರ್‌ಸ್ಕಾಚೇ. ಸಕ್ಕರೆಯಿಲ್ಲದ್ದು. ನೋಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಪ್ಪನನ್ನು ತಿಂದದ್ದು ಸಕ್ಕರೆ ಕಾಯಿಲೆ. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮಂಡಿಯವರೆಗೆ. ಇನ್ಸುಲಿನ್ ಸೂಜಿ ಮನೆಗೆ ಬಂದ ವರ್ಷವೇ ಅವರು ಹೋದರು. ಸೂಜಿ ಎಂದರೆ ಕೊನೆ ಎಂದು ಜಲಜಾ ಅಂದಿನಿಂದ ನಂಬಿದ್ದಳು. ಅಮ್ಮನಿಗೂ ಅದೇ ಕಾಯಿಲೆ ಎಂದು ತಿಳಿದಾಗ ವಾರವಿಡೀ ಅತ್ತಿದ್ದಳು. ಬರೀ ಮಾತ್ರೆ ಕಣೇ ಎಂದು ಅಮ್ಮನೇ ಸಮಾಧಾನ ಮಾಡಬೇಕಾಯಿತು.

ಅಂಥ ಅಮ್ಮನಿಗೆ ರಾಗಿಣಿ ಎರಡು ವರ್ಷದಿಂದ ಪ್ರತಿ ಭಾನುವಾರ ಐಸ್ ಕ್ರೀಮ್ ಕೊಡುತ್ತಿದ್ದಳು. ಒಂದಲ್ಲ, ಎರಡು ಸ್ಕೂಪ್. ಕೊಡುವ ಮುಂಚೆ ಅತ್ತೆಯನ್ನು ರೂಮಿಗೆ ಕರೆದೊಯ್ದು ಬಾಗಿಲು ಹಾಕಿಕೊಳ್ಳುವಳು. ಒಳಗಿನಿಂದ ಪಿಸುಮಾತು, ನಗು. ಅಮ್ಮ ಸೆರಗು ಸರಿಮಾಡಿಕೊಳ್ಳುತ್ತ ಹೊರಬರುವಳು. ಏನಮ್ಮಾ ಅದು ಎಂದರೆ, ಏನಿಲ್ಲ.

ಎಪ್ಪತ್ತೆರಡರ ಗಂಗಲಕ್ಷ್ಮಮ್ಮ ಭಾನುವಾರಗಳಲ್ಲಿ ಮಗಳಿಗಾಗಿ ಕಾಯುತ್ತಿರಲಿಲ್ಲ, ನಾಲ್ಕು ಗಂಟೆಗಾಗಿ ಕಾಯುತ್ತಿದ್ದಳು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಮಗುವಿನಂತೆ ಅಡುಗೆಮನೆಯ ಕಡೆಗೇ ಕಣ್ಣು. ಆ ಮುಖದ ಬೆಳಕು ತನಗೆಂದೂ ದಕ್ಕಿದ್ದಲ್ಲ ಎಂಬುದನ್ನು ಜಲಜಾ ತನಗೆ ತಾನೇ ಕೂಡ ಹೇಳಿಕೊಳ್ಳಲಿಲ್ಲ. ಹೇಳಿಕೊಂಡದ್ದೇ ಬೇರೆ: ಮುದುಕಿಯ ಚಾಕರಿ ಇವಳಿಗೆ ಸಾಕಾಗಿದೆ, ಬೇಗ ಮುಗಿಸುವ ದಾರಿ ಹಿಡಿದಿದ್ದಾಳೆ. ಹೋದ ವಾರ ಅದನ್ನು ಅಮ್ಮನ ಮುಂದೆ ಆಡಿಯೂ ಬಿಟ್ಟಿದ್ದಳು.

"ಅವಳು ಅಳೆದು ತೂಗಿ ಕೊಡ್ತಾಳೆ ಕಣೇ," ಎಂದಿದ್ದಳು ಅಮ್ಮ. "ನಿಂಗೆ ಅದೆಲ್ಲ ಬೇಡ ಬಿಡು."

ಮೂರೂಮುಕ್ಕಾಲಿಗೆ ರೂಮಿನ ಬಾಗಿಲು ಮುಚ್ಚಿತು, ತೆರೆಯಿತು. ಗೋಪೀನಾಥ ಕೆಳಗೆ ಕಾರಿನ ಹಾರ್ನ್ ಒತ್ತುತ್ತಿದ್ದ. ಆರತಕ್ಷತೆ ಕೆಂಗೇರಿಯಲ್ಲಿ, ಆಚೆ ತುದಿ. ರಾಗಿಣಿ ಎರಡು ಸ್ಕೂಪ್ ಹಾಕಿ ಕಪ್ಪನ್ನು ಜಲಜಾಳ ಕೈಗೇ ಕೊಟ್ಟಳು.

"ಅತ್ತಿಗೆ, ಪೂರ್ತಿ ತಿನ್ನಿಸಿ. ಸ್ವಲ್ಪಾನೂ ಬಿಡಿಸ್ಬೇಡಿ."

ಬಿಡಿಸಲ್ಲ ಹೋಗಮ್ಮ ಎಂದಳು ಜಲಜಾ. ಒಳಗೊಳಗೇ ನಕ್ಕಳು.

ಅಮ್ಮ ಮೊದಲ ಚಮಚ ಬಾಯಿಗಿಟ್ಟು ತಡೆದಳು. ಇವತ್ತು ಯಾಕೋ ಚಪ್ಪೆ ಎಂದಳು. ವಯಸ್ಸಾಯ್ತಲ್ಲ, ನಾಲಿಗೆಗೂ ರಿಟೈರ್ಮೆಂಟು ಎಂದು ಮಗಳು ತಮಾಷೆ ಮಾಡಿದಳು. ಕಪ್ ಖಾಲಿಯಾಯಿತು. ಅರ್ಧ ಗಂಟೆಗೆ ರಾಗಿಣಿಯ ಫೋನು, ಅದೇ ಪ್ರಶ್ನೆ. ಪೂರ್ತಿ ತಿಂದ್ಲು ಎಂದಳು ಜಲಜಾ.

"ಹಾಗಾದ್ರೆ ಭಯ ಇಲ್ಲ ಬಿಡಿ."

ಐದು ದಾಟಿದ ಮೇಲೆ ಅಮ್ಮ ಬೆವರತೊಡಗಿದಳು. ಕೈ ನಡುಗುತ್ತಿತ್ತು. ಒಂದು ಚಮಚ ಸಕ್ಕರೆ ಕೊಡೇ ಎಂದಳು. ಜಲಜಾ ಫ್ಯಾನ್ ಜೋರು ಮಾಡಿ ನೀರು ಕೊಟ್ಟಳು. ಅಮ್ಮ ಮತ್ತೆ ಕೇಳಿದಳು. ಎದ್ದು ಅಡುಗೆಮನೆಗೆ ಹೊರಟವಳನ್ನು ಜಲಜಾ ಹೆಗಲು ಹಿಡಿದು ಕೂರಿಸಿದಳು. ಬಾಟಲಿ ಕಿತ್ತುಕೊಂಡರೆ ಕುಡುಕರೂ ಹೀಗೇ ಆಡುತ್ತಾರೆ. ಎರಡು ವರ್ಷದ ಚಟ ಒಂದು ಮಧ್ಯಾಹ್ನಕ್ಕೆ ಬಿಟ್ಟೀತೆ?

"ಸಕ್ಕರೆ ಕೊಡೇ, ಮುಂಡೆ."

ಐವತ್ತು ವರ್ಷದಲ್ಲಿ ಅಮ್ಮ ಆ ಮಾತು ಆಡಿದ್ದಿಲ್ಲ. ಸೊಸೆ ಇಷ್ಟರ ಮಟ್ಟಿಗೆ ಕೆಡಿಸಿಟ್ಟಿದ್ದಾಳೆ ಎನಿಸಿತು. ಜಲಜಾ ಸಕ್ಕರೆ ಡಬ್ಬಿಯನ್ನು ಅಟ್ಟದ ಮೇಲಿಟ್ಟು ಬಂದು, ಅಮ್ಮನ ತಲೆಯನ್ನು ತೊಡೆಯ ಮೇಲಿರಿಸಿಕೊಂಡಳು. ಒದ್ದೆ ಕೂದಲು ನೇವರಿಸಿದಳು. ನಿಧಾನಕ್ಕೆ ಹಟ ಇಳಿಯಿತು. ಮಾತು ತೊದಲಿ, ನಿಂತಿತು. ನಿದ್ದೆ ಹತ್ತಿತು. ಎಷ್ಟೋ ವರ್ಷಗಳ ಮೇಲೆ ಅಮ್ಮ ಪೂರಾ ತನ್ನವಳಾಗಿದ್ದಳು. ಕಾಲು ಜೋಮು ಹಿಡಿದರೂ ಜಲಜಾ ಅಲುಗಲಿಲ್ಲ.

ಏಳೂವರೆಗೆ ಗಂಡಹೆಂಡತಿ ಬಂದರು. ಎಬ್ಬಿಸಿದರೆ ಅಮ್ಮ ಏಳಲಿಲ್ಲ.

ನರ್ಸಿಂಗ್ ಹೋಮಿನ ಕಾರಿಡಾರಿನಲ್ಲಿ ಜಲಜಾ ಮಾತು ಜೋಡಿಸಿಕೊಂಡು ನಿಂತಿದ್ದಳು. ತಿನ್ನಿಸಿ ತಿನ್ನಿಸಿ ಈ ಗತಿಗೆ ತಂದವಳು ಇವಳೇ ಎಂದು ಎಲ್ಲರೆದುರು ಹೇಳಬೇಕಿತ್ತು. ಡಾಕ್ಟರ್ ಹೊರಬಂದು, ಹೋಗಿಬಿಟ್ಟರು ಎಂದರು. ರಕ್ತದಲ್ಲಿ ಸಕ್ಕರೆ ಇಪ್ಪತ್ತಕ್ಕೆ ಇಳಿದಿತ್ತಂತೆ. ಹೊತ್ತಿಗೆ ಸರಿಯಾಗಿ ಒಂದು ಲೋಟ ಸಕ್ಕರೆ ನೀರು ಕುಡಿಸಿದ್ದರೂ ಉಳಿಯುತ್ತಿದ್ದರಂತೆ. ಇನ್ಸುಲಿನ್ ಎಷ್ಟು ಕೊಟ್ಟಿದ್ದಿರಿ ಎಂದು ಕೇಳಿದರು.

ರಾಗಿಣಿ ತಡವರಿಸುತ್ತ ಹೇಳಿದಳು: ಊಟಕ್ಕೆ ಎಂದಿನಷ್ಟೇ, ಆಮೇಲೆ ಐಸ್ ಕ್ರೀಮಿನ ಸಕ್ಕರೆಗೆಂದು ಆರು ಯುನಿಟ್. ತೋರಿಸುತ್ತಿದ್ದ ಡಾಕ್ಟರೇ ಕಲಿಸಿಕೊಟ್ಟದ್ದು. ಎರಡು ವರ್ಷದಲ್ಲಿ ಒಂದು ಭಾನುವಾರವೂ ಏರುಪೇರಾಗಿರಲಿಲ್ಲ. ಸೂಜಿಯ ವಿಷಯ ಜಲಜಾಗೆ ಹೇಳಬೇಡ, ಹೆದರಿ ಸಾಯ್ತಾಳೆ ಎಂದು ಅತ್ತೆಯೇ ಆಣೆ ಮಾಡಿಸಿಕೊಂಡಿದ್ದರು.

"ಆ ಐಸ್ ಕ್ರೀಮ್ ತಿಂದಿದ್ರೆ ಆರು ಯುನಿಟ್‌ಗೆ ಇಷ್ಟು ಇಳಿಯಲ್ಲಮ್ಮ. ನೆನಪು ಮಾಡ್ಕೊಳ್ಳಿ. ಆರೇನಾ?"

"ಆರೇ... ಇವರು ಹಾರ್ನ್ ಹೊಡೀತಾ ಇದ್ರು, ಅವಸರ ಇತ್ತು... ಆರೇ ಅನ್ಸುತ್ತೆ."

ರಾಗಿಣಿ ತನ್ನ ಬಲಗೈಯನ್ನೇ ನೋಡುತ್ತ ನಿಂತಳು. ಗೋಪೀನಾಥ ಹೆಂಡತಿಯಿಂದ ಒಂದು ಹೆಜ್ಜೆ ದೂರ ಸರಿದ.

ಜಲಜಾ ಮುಂದೆ ಬಂದು ಅವಳನ್ನು ತಬ್ಬಿಕೊಂಡಳು. "ಅಳಬೇಡ ಕಣೇ. ನೀನೇನು ಬೇಕು ಅಂತ ಜಾಸ್ತಿ ಹಾಕಿದ್ಯಾ? ನಾನು ಕ್ಷಮಿಸಿದೀನಿ."